ಆರರಿಂದ ಎಂಟು, ಮೈದಾನ ಖಾಲಿ

ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವಾಗಲೆಲ್ಲ ಚಿಕ್ಕಲಸಂದ್ರದ ಆ ಮೈದಾನ ನೆನಪಾಗಿ ಮೈ ಉರಿಯುತ್ತದೆ. ಉರಿ ಬೇರೆಯವರ ಮೇಲಲ್ಲ, ನನ್ನ ಮೇಲೇ.

ಕ್ರೀಡಾ ನಿರ್ವಹಣೆ ನನ್ನ ಸಂಶೋಧನೆಯ ವಿಷಯ. ಬಡಾವಣೆಯ ಮೈದಾನಗಳು ಸಮಾಜಕ್ಕೆ ಎಷ್ಟು ಉಪಯೋಗಕ್ಕೆ ಬರುತ್ತಿವೆ ಎಂದು ಅಳೆಯುವ ಘನಕಾರ್ಯ! ಜಯನಗರದ ಮನೆಯಿಂದ ಬೆಳಗ್ಗೆ ಬೆಳಗ್ಗೆಯೇ ಸ್ಕೂಟರ್ ಹತ್ತಿ ಹೋಗುತ್ತಿದ್ದೆ. ಆರು ಗಂಟೆಗೆಲ್ಲ ಅಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಥ್ರೋಬಾಲ್ ಆಡುತ್ತಿರುತ್ತಿದ್ದರು. ಸೀರೆಯವರು, ಚೂಡಿದಾರದವರು, ನೈಟಿಯ ಮೇಲೊಂದು ಟವೆಲ್ ಹೊದ್ದವರು. ತಡವಾಗಿ ಬಂದವರು ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಕಾಯಬೇಕು. ಒಳಗಿದ್ದವರು ಸುಸ್ತಾಗಿ ಹೊರಬಂದರೆ ಸಾಲಿನಲ್ಲಿ ಮೊದಲ ಜೋಡಿ ಚಪ್ಪಲಿ ಯಾರದೋ ಅವರು ಒಳಕ್ಕೆ. ಈ ಕಾನೂನಿಗೆ ಮನೆ ಓನರೂ ಒಂದೇ, ಅವರ ಬಾಡಿಗೆದಾರರೂ ಒಂದೇ. ಒಂದು ದಿನವೂ ಜಗಳ ಕಾಣಲಿಲ್ಲ.

ಇದನ್ನೆಲ್ಲ ನಡೆಸುತ್ತಿದ್ದವರು ಆ ಊರಲ್ಲೇ ಹುಟ್ಟಿ ಬೆಳೆದ ಒಬ್ಬ ಅಕ್ಕ. ಹೈಸ್ಕೂಲಿನಲ್ಲಿ ಆಡಿದ್ದೇ ಆಡಿದ್ದು, ಮದುವೆಯಾದ ಮೇಲೆ ಮೂವತ್ತು ವರ್ಷ ಚೆಂಡು ಮುಟ್ಟಿರಲಿಲ್ಲವಂತೆ. "ಇವೆರಡ್ ಗಂಟೆ ನಂದು ಕಣಮ್ಮ. ಮಿಕ್ಕಿದ್ದೆಲ್ಲ ಮನೆಯೋರ್ದು," ಎಂದಿದ್ದರು.

ನನ್ನ ನಮೂನೆಯಲ್ಲಿ ಮೈದಾನ ಬಳಸುವವರಿಗೆ ಇದ್ದದ್ದು ಮೂರೇ ಚೌಕ: ನೋಂದಾಯಿತ ಕ್ಲಬ್, ಶಾಲೆ, ಅಕಾಡೆಮಿ.

"ಅಕ್ಕ, ನಿಮ್ದು ಯಾವ ಕ್ಲಬ್ಬು?" ಎಂದು ಕೇಳಿದೆ.

"ಕ್ಲಬ್ಬಾ? ಅಯ್ಯೋ, ನಾವೇನ್ ಇಸ್ಪೀಟ್ ಆಡೋರಾ?" ಎಂದು ಬಿದ್ದು ಬಿದ್ದು ನಕ್ಕರು.

ಯಾವ ಚೌಕದಲ್ಲೂ ಅವರು ಕೂರಲಿಲ್ಲ. ಏನು ಮಾಡಲಿ ಎಂದು ನನ್ನ ಗೈಡ್ ಅನ್ನು ಕೇಳಿದೆ. "ಚೌಕದಲ್ಲಿಲ್ಲ ಅಂದ್ರೆ ಡೇಟಾದಲ್ಲಿಲ್ಲ. ಖಾಲಿ ಅಂತ ಹಾಕಿ," ಎಂದರು. ಹಾಕಿದೆ. ನಾಲ್ಕನೆಯ ಚೌಕ ಸೇರಿಸಿದ್ದರೆ ಆಗಲೇ ಮುಗಿಸಿದ್ದ ಮೈದಾನಗಳನ್ನೆಲ್ಲ ಮತ್ತೊಮ್ಮೆ ಸುತ್ತಬೇಕಿತ್ತು. ಅಷ್ಟಕ್ಕೇ ಸೋಮಾರಿತನ, ಥೂ! 'ಬೆಳಗ್ಗೆ ಆರರಿಂದ ಎಂಟರವರೆಗೆ ಮೈದಾನ ಖಾಲಿ ಇರುತ್ತದೆ' ಎಂದು ನೀಟಾಗಿ ಟೈಪ್ ಮಾಡಿದೆ.

ಪದವಿ ಬಂತು, ಶಾಲು ಹೊದಿಸಿದರು. ಗೈಡ್ ಹೆಮ್ಮೆಯಿಂದ ಒಂದು ಪ್ರತಿಯನ್ನು ಆ ಮೈದಾನದ ಉಸ್ತುವಾರಿ ಕಚೇರಿಗೂ ಕಳಿಸಿದರು. ಪಿಎಚ್‌ಡಿ ಪ್ರಬಂಧವನ್ನು ಯಾರು ಓದುತ್ತಾರೆ ಬಿಡಿ ಎಂದು ನಕ್ಕಿದ್ದೆ. ಓದಿದರು.

ವರ್ಷ ತುಂಬುವುದರೊಳಗೆ ಅಲ್ಲಿ ಜಾಲರಿ ಬೇಲಿ ಎದ್ದಿತು. ಬೆಳಗಿನ ಹೊತ್ತು ಒಂದು ಖಾಸಗಿ ಕ್ರಿಕೆಟ್ ಅಕಾಡೆಮಿಯ ಪಾಲಾಯಿತು. ಸುದ್ದಿ ಕೇಳಿ ಓಡಿದೆ. ಗೇಟಿನಲ್ಲಿ ಅಕ್ಕ, ಅವರ ಹಿಂದೆ ಹತ್ತು ಹನ್ನೆರಡು ಹೆಂಗಸರು. ಸೆಕ್ಯೂರಿಟಿಯವನು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆದೇಶದ ಹಾಳೆ ತೋರಿಸುತ್ತಿದ್ದ. ಅದರಲ್ಲಿ ನನ್ನ ವಾಕ್ಯ ಇದ್ದ ಹಾಗೇ ಇತ್ತು.

ನನ್ನನ್ನು ಕಂಡದ್ದೇ ಅಕ್ಕನ ಮುಖ ಅರಳಿತು. "ನೋಡಪ್ಪ, ಬಂದ್ರು ಮೇಡಂ! ದಿನಾ ಬಂದು ನಮ್ಮಾಟ ನೋಡಿ ಬರ್ಕೊಂಡೋಗಿದಾರೆ. ಇಲ್ಲಿ ಖಾಲಿ ಇತ್ತಾ ಅಂತ ಇವ್ರನ್ನೇ ಕೇಳು. ಹೇಳಮ್ಮ ನೀನು."

"ಖಾಲಿ ಇರ್ಲಿಲ್ಲ," ಎಂದೆ.

"ಹಂಗಾದ್ರೆ ಇದನ್ನ ಬರ್ದೋರ್ ಯಾರು ಮೇಡಂ?" ಎಂದು ಅವನು ಹಾಳೆಯನ್ನು ನನ್ನ ಕೈಗೇ ಕೊಟ್ಟ.

ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲಪ್ಪ," ಎಂದೆ.