ಹತ್ತನೇ ಕ್ಲಾಸಿನ ರಟ್ಟು, ಮೂರನೇ ಕ್ಲಾಸಿನ ಪುಸ್ತಕ

"ಹೋಗುವವರು ಹೇಳಿ ಹೋಗುತ್ತಾರೆ..."
ಯಾರ ಬಾಯಲ್ಲಿ ಕೇಳಿದ್ದೋ, ಪೂರ್ತಿ ನೆನಪಿಲ್ಲ.
ನಿಜವಾ ಅದು?

ನಿನ್ನೆ ಸಂಜೆ ಅಜ್ಜಂಪುರ ಬಸ್‌ಸ್ಟ್ಯಾಂಡಿನಲ್ಲಿ "ನಾಳೆ ಟೊಮೆಟೊ ಗೊಜ್ಜು ತತ್ತೀನಿ ಕಣೇ, ಚಪಾತಿ ನೀನ್ ತಾ" ಅಂದವಳು...
ಬೆಳಿಗ್ಗೆ ಬೀರೂರಲ್ಲಿ ಬಸ್ ಹತ್ತುವಾಗ ಸ್ಟಾಫ್ ಗ್ರೂಪಿನಲ್ಲಿ ಮೆಸೇಜ್.
ಸುಮಿತ್ರಾ ಮೇಡಂ ಇನ್ನಿಲ್ಲ. ಹಾರ್ಟ್ ಅಟ್ಯಾಕ್.
ಎಷ್ಟು ಸಲ ಓದಿದರೂ ನಂಬಿಕೆ ಬರುತ್ತಿಲ್ಲ...

ನಮ್ಮ ಹೈಸ್ಕೂಲಿನ ಗಣಿತದ ಟೀಚರ್. ನಾನು ಕನ್ನಡ.
ಹನ್ನೊಂದು ವರ್ಷ ಪಕ್ಕಪಕ್ಕದ ಕುರ್ಚಿ.
ಸ್ಕೂಲ್ ಬಿಟ್ಟ ಮೇಲೆ ದಿನಾ ಒಂದು ಗಂಟೆ, ಒಬ್ಬರನ್ನೇ, ಮನೆಗೆ ಕರೆದು ಎದುರು ಕೂರಿಸಿಕೊಳ್ಳುತ್ತಿದ್ದಳು.
ಈ ವರ್ಷ ಪವಿತ್ರ. ಹತ್ತನೇ ಕ್ಲಾಸು, ಭಾಗಾಕಾರ ಬರುತ್ತಿರಲಿಲ್ಲ.
ಅವಳಿಗಾಗಿ ಮೂರನೇ ಕ್ಲಾಸಿನ ಪುಸ್ತಕ ತಂದು, ಮೇಲೆ ಹತ್ತನೆಯದರ ರಟ್ಟು ಅಂಟಿಸಿದ್ದಳು...
ಯಾರಿಗೂ ಗೊತ್ತಾಗದ ಹಾಗೆ.

"ಒಬ್ಬಳಿಗೇ ಇಷ್ಟು ಹೊತ್ತಾ? ಉಳಿದವರು?" ಅಂತ ನಾನು.
"ಉಳಿದವ್ರು ಕೈ ಎತ್ತಿ ಕೇಳ್ತಾರೆ ಕಣೇ. ಈ ಮಗು ಯಾರಾದ್ರೂ ಇದ್ರೆ ಬಾಯೇ ಬಿಡಲ್ಲ. ನೀನೂ ಕವಿತೆ ಒಬ್ಳೇ ಕೂತ್ಕೊಂಡ್ ಓದ್ತೀಯಲ್ಲ, ಸಂತೇಲಿ ಓದ್ತೀಯೇನು?"

ಸುಮಿ...
ಒಂದು ದಿನ ಸ್ಟಾಫ್ ರೂಮಿನಲ್ಲಿ ನಿನ್ನ ಮೇಜಿನ ಮೇಲಿದ್ದ ಆ ಪುಸ್ತಕ ತೆರೆದು "ಅಯ್ಯೋ, ಇದು ಮೂರನೇ ಕ್ಲಾಸಿಂದಲ್ವಾ!" ಅಂತ ಕೂಗಿದವಳು ನಾನು.
ಬಾಗಿಲಲ್ಲಿ ಪವಿತ್ರ ನಿಂತಿದ್ದಳು.
ಹಿಂದೆ ಅವಳ ಕ್ಲಾಸಿನವರು.
ವಾರ ಪೂರ್ತಿ ಅವಳು ಸ್ಕೂಲಿಗೆ ಬರಲಿಲ್ಲ.
ನೀನೇ ಅವಳ ಮನೆಗೆ ಹೋಗಿ ಕರೆತಂದೆ.
ನನಗೆ ಬೈಯಲೂ ಇಲ್ಲ. "ಒಂದ್ಸಲ ಆ ಮಗು ಹತ್ರ ಕೂತು ಮಾತಾಡೇ" ಅಂದೆ, ಅಷ್ಟೇ.
ನಾನು ನಾಳೆ, ನಾಳೆ ಅಂತಲೇ ಇದ್ದೆ...

ಮೊನ್ನೆ ಅವಳು ಯಾರ ಸಹಾಯವೂ ಇಲ್ಲದೆ ಭಾಗಾಕಾರ ಮಾಡಿದಳು. ಶೇಷ ಸಮೇತ.
ನೀನು ಸ್ಟಾಫ್ ರೂಮಿಗೆಲ್ಲ ಬೆಲ್ಲ ಹಂಚಿದೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ, ನನ್ನ ಕಿವಿಯಲ್ಲಿ ಮಾತ್ರ ಉಸುರಿದೆ.
ಪರೀಕ್ಷೆಗೆ ಇನ್ನೆರಡು ತಿಂಗಳು...
ಅವಳ ಎದುರು ಇನ್ನು ಯಾರು ಕೂರುತ್ತಾರೆ, ಸುಮಿ?

ನಿನ್ನ ಜೀವ ತಣ್ಣಗಿರಲಿ.
ಹೋಗಿ ಬಾ, ಗೆಳತಿ.

ಮಧ್ಯಾಹ್ನ ಸುಮಿಯ ಮನೆಯಿಂದ ಹೊರಟಾಗ, ಬಾಗಿಲಲ್ಲಿ ಪಕ್ಕದ ಮನೆಯ ಗೌರಮ್ಮ ಕೈ ಹಿಡಿದು ನಿಲ್ಲಿಸಿದರು.
"ಆ ಪವಿತ್ರ ಬೆಳಿಗ್ಗೆಯಿಂದ ಇಲ್ಲೇ ಹಿತ್ಲಲ್ಲಿ ಪುಸ್ತಕ ತಬ್ಕೊಂಡು ಕೂತದೆ ಕಣ್ರೀ. ಯಾರ್ ಕರೆದ್ರೂ ಏಳ್ತಿಲ್ಲ. ನೀವೂ ಟೀಚರ್ರೇ ಅಲ್ವಾ... ಹೋಗಿ ಪಕ್ಕ ಕೂತ್ಕೊಳ್ರಿ."