ಕರಿಹಲಗೆಯ ಮೇಲಿನ ಸೂರ್ಯೋದಯ

ಸೇವೆಗೆ ಹೊರಡುವ ಮುನ್ನ ಅವರು ತಮ್ಮ ಬಿಳಿ ಜುಬ್ಬದ ತೋಳಿಗೆ ತಾವೇ ಒಂದು ಹನಿ ನೀಲಿ ಬಣ್ಣ ತಾಗಿಸಿಕೊಳ್ಳುತ್ತಿದ್ದರು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುತ್ತಿದ್ದ ನಾವು ಕೆಲವರು ಭಾನುವಾರ ಹಳ್ಳಿಗಳಿಗೆ ಹೋಗಿ ಶಾಲೆಯ ಗೋಡೆಗಳಿಗೆ ಬಣ್ಣ ಹಚ್ಚಿಕೊಡುತ್ತಿದ್ದೆವು. ಅವರು ನಮ್ಮ ಮುಂದಾಳು. "ಕಲೆ ಜನರ ಬಳಿಗೆ ಹೋಗಬೇಕು" ಎಂದು ಬಸ್ಸು ಹರಿಹರ ದಾಟುವುದರೊಳಗೆ ಎರಡು ಸಲವಾದರೂ ಹೇಳುತ್ತಿದ್ದರು, ಕಿಟಕಿಯ ಸೀಟು ಬಿಡದೆ.

ಸಾರಥಿ ಎಂಬ ಹಳ್ಳಿಯ ಶಾಲೆಯ ಮೇಷ್ಟ್ರು ಕೇಳಿದ್ದು ಇಷ್ಟೇ: "ಬೋರ್ಡು ಬೆಳ್ಳಗಾಗೈತೆ, ಅಕ್ಷರಾನೇ ಕಾಣಲ್ರಿ. ಒಂದಿಷ್ಟು ಕರಿಬಣ್ಣ ಬಳಿದು ಕೊಡ್ರಿ, ಸಾಕು." ಆ ಶಾಲೆಗೆ ಇದ್ದದ್ದು ಅದೊಂದೇ ಕರಿಹಲಗೆ. ನಾವು ಹೊರಗೋಡೆಗೆ ಸುಣ್ಣ ಹೊಡೆದು ಬರುವಷ್ಟರಲ್ಲಿ ನಮ್ಮ ಮುಂದಾಳು ಅದರ ತುಂಬ ಸೂರ್ಯೋದಯ ಬರೆದು, ಮೂಲೆಯಲ್ಲಿ ಅಂಗೈಯಗಲ ಸಹಿ ಹಾಕಿದ್ದರು. ತಲೆ ಓರೆ ಮಾಡಿ ನೋಡಿ, "ಕಲೆ ಜನರ ಬಳಿಗೆ ಬರಬೇಕು" ಎಂದರು.

"ಬಂತಲ್ರಿ," ಎಂದರು ಮೇಷ್ಟ್ರು, "ಬಂದು ಬೋರ್ಡಿನ ಮ್ಯಾಲೇ ಕುಂತೈತೆ. ನಾಳೆ ಹುಡುಗರಿಗೆ ಮಗ್ಗಿ ಎಲ್ಲಿ ಬರೀಲಿ?"

"ಸೂರ್ಯನನ್ನು ನೋಡಿ ಕಲಿಯಲಿ ಬಿಡಿ, ಮೇಷ್ಟ್ರೇ," ಎಂದು ಅವರು ಮೇಷ್ಟ್ರ ಬೆನ್ನು ತಟ್ಟಿ ಬಸ್ಸಿಗೆ ನಡೆದರು.

ಮರುದಿನ ಬೆಳಿಗ್ಗೆ ತರಗತಿ ತಪ್ಪಿಸಿ, ಕರಿಬಣ್ಣದ ಡಬ್ಬಿ ಹಿಡಿದು ನಾನೊಬ್ಬಳೇ ಮೊದಲ ಬಸ್ಸಿಗೆ ಸಾರಥಿಗೆ ಹೋದೆ. ಸಹಿಯಿಂದಲೇ ಬಳಿಯಲು ಶುರು ಮಾಡಿದೆ.