ಉಣ್ರಿ, ನಾ ಅದೀನಿ
ಜೂಂಡಲಪ್‌ನ ಡಾಕ್ಟರ್ ವಸಂತಕುಮಾರ್ ಅಂಕಲ್ ಎಲ್ಲರಿಗಿಂತ ಮೊದಲು ಉಂಡಿದ್ದನ್ನು ಆಸ್ಟ್ರೇಲಿಯಾದ ಪರ್ತಿನ ಕನ್ನಡಿಗರು ಯಾರೂ ಕಂಡಿಲ್ಲ. ಬಾರ್ಬೆಕ್ಯೂ ಮುಂದೆ ಬೆವರುತ್ತಾ ಜೋಳದ ತೆನೆ ತಿರುವುವವರು ಅವರೇ, ಅಳುವ ಕೂಸನ್ನು ಕಿತ್ತುಕೊಂಡು ತಾಯಿಯನ್ನು ಊಟಕ್ಕೆ ಅಟ್ಟುವವರೂ ಅವರೇ. ಕ್ಯಾಂಗರೂ ಬಂದರೂ ಮೊದಲು ಅದಕ್ಕೇ ಎಲೆ ಹಾಕಿಯಾರು ಎಂದು ಅಂಥ ತಾಯಂದಿರಲ್ಲೊಬ್ಬಳಾದ ಮಧುರಾ ನಗುತ್ತಿದ್ದಳು. ಅಪ್ಪಟ ಮೈಸೂರಿನವರಾದರೂ ಊಟಕ್ಕೆ ಅಟ್ಟುವ ಹೊತ್ತಿಗೆ ಮಾತ್ರ ಅವರ ಬಾಯಲ್ಲಿ ಗದಗಿನ ಕಡೆಯ ಮಾತು: “ಉಣ್ರಿ, ನಾ ಅದೀನಿ.” ಮೊನ್ನೆ ಮೋರ್ಲಿಯ ಪಾರ್ಕಿನಲ್ಲಿ ಮಗುವನ್ನು ಅವರ ಕೈಗಿತ್ತ ಮಧುರಾ ಕೇಳಿಯೇಬಿಟ್ಟಳು: “ಇದನ್ನ ಎಲ್ಲಿ ಕಲಿತ್ರಿ ಅಂಕಲ್?” “ಕಾರ್ಗಿಲ್ ಯುದ್ಧದಲ್ಲಿ ಕಣಮ್ಮ,” ಎಂದರು. ಆಗ ಅವರು ಸೈನ್ಯದ ಎಳೆಯ ಡಾಕ್ಟರು. ಗಾಯಾಳುಗಳ ನಡುವೆ ಎರಡು ದಿನದಿಂದ ಊಟ ಕಂಡಿರಲಿಲ್ಲ. ಗದಗಿನ ಕಡೆಯ ಹಳ್ಳಿಯಲ್ಲಿ ಕುರಿ ಕಾಯ್ದು ಬೆಳೆದ, ಇಪ್ಪತ್ತೆರಡರ ಸಿಪಾಯಿ ಫಕೀರಪ್ಪ ಅವರ ಕೈಯ ಸಲೈನ್ ಬಾಟಲಿಯನ್ನು ಕಿತ್ತುಕೊಂಡು, ಇದೇ ಮಾತು ಹೇಳಿ, ಬಂಡೆಯ ಮರೆಗೆ ಅಟ್ಟಿದ್ದ. ಎರಡನೇ ತುತ್ತಿಗೆ ಶೆಲ್ ಬಿತ್ತು. ಬಾಟಲಿ ಹಿಡಿದಿದ್ದ ಫಕೀರಪ್ಪ ಅಲ್ಲೇ ಹೋದ. “ಅವತ್ತಿಂದ ನಾನು ಉಂಡಿದ್ದೆಲ್ಲ ಅವನು ಬಡಿಸಿದ್ದೇ ಕಣಮ್ಮ,” ಎಂದರು ಅಂಕಲ್. ಮಧುರಾ ತಟ್ಟೆ ಹಿಡಿದು ನಿಂತೇ ಇದ್ದಳು. ಮಗುವಿನ ಬೆನ್ನು ತಟ್ಟುತ್ತಾ ಅವರು ನಕ್ಕರು: “ಉಣ್ರಿ. ಅವ ಅದಾನ.”